ಗೋಡೆಯ ಹಿಂದೆ ತುಂಬಿದ ಕೆರೆ ಗೋಡು

ನೆಲಮಾಳಿಗೆ ಇರುವ ಮನೆ ಕಟ್ಟಿಸಬೇಕೆಂದು ಯಾರಾದರೂ ಬಂದರೆ, ಈಗ ನಾನು ನಕ್ಷೆ ಬಿಚ್ಚುವುದಕ್ಕೂ ಮೊದಲು ಗುಂಡಿಯಿಂದ ತೆಗೆದ ಮಣ್ಣನ್ನು ಎಲ್ಲಿ ಹಾಕಿಸುತ್ತೀರಿ ಎಂದು ಕೇಳುತ್ತೇನೆ. ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೋಣೆ ಎಷ್ಟು, ಮೆಟ್ಟಿಲು ಯಾವ ಕಡೆ ಎಂದು ಮಾತಾಡಲು ಬಂದವರಿಗೆ ಈ ಮಣ್ಣಿನ ವಿಚಾರಣೆ ಬೇಜಾರು. ಇವನಿಗೇನೋ ತಲೆ ಕೆಟ್ಟಿದೆ ಎಂದುಕೊಂಡು ಹೋದವರೂ ಇದ್ದಾರೆ. ಕೆಟ್ಟಿರುವುದು ನಿಜ. ಶಿಡ್ಲಘಟ್ಟದಿಂದ ಸ್ವಲ್ಪ ದೂರದ ಒಂದು ಹಿಪ್ಪುನೇರಳೆ ತೋಟದಲ್ಲಿ ಏಳು ತಿಂಗಳು ಕೆಲಸ ಮಾಡಿದ ಮೇಲೆ ಕೆಟ್ಟದ್ದು.

ಮನೆ ಕಟ್ಟಿಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಇಂಜಿನೀರಪ್ಪ ಎನ್ನುತ್ತಿದ್ದರು. ನಾನು ಓದಿದ್ದು ಬರೀ ಡಿಪ್ಲೊಮಾ ಎಂದರೂ ಬಿಡಲಿಲ್ಲ. ಅವರದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಎಳೆ ಹುಳುವನ್ನು ಎರಡು ಜ್ವರ ದಾಟುವವರೆಗೆ ಸಾಕಿ, ಆಮೇಲೆ ಸುತ್ತಲಿನ ರೈತರಿಗೆ ಕೊಡುವ ಕೆಲಸ. ಹುಳು ಮೇವು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಆ ಎಳೆ ಹುಳುವಿಗೆ ಕಾವು ಆಗದು. ಅಕ್ಕನ ಶೆಡ್ಡು ಸಿಮೆಂಟ್ ಶೀಟಿನದು. ಹಿಂದಿನ ಎರಡು ಬೇಸಿಗೆಗಳಲ್ಲಿ ಗೋಣಿತಾಟು ನೆನೆಸಿ ಸುತ್ತಲೂ ಇಳಿಬಿಟ್ಟರೂ ತಟ್ಟೆಗಟ್ಟಲೆ ಹುಳು ಸತ್ತಿದ್ದವು. ಇನ್ನೊಂದು ಬೇಸಿಗೆ ಹೀಗಾದರೆ ನಾವು ಬೇರೆ ಕಡೆಯಿಂದ ಹುಳು ತಂದುಕೊಳ್ಳುತ್ತೇವೆ ಎಂದು ರೈತರು ಮುಖಕ್ಕೇ ಹೇಳಿಬಿಟ್ಟಿದ್ದರು. ಅದಕ್ಕೇ ಅಕ್ಕ ಹೊಸ ಮನೆಯ ಕೆಳಗೆ ನೆಲದೊಳಗಿನ ಕೋಣೆ ಕೇಳಿದ್ದು, ಅದೂ ಬೇಸಿಗೆ ಬರುವುದರೊಳಗೆ.

"ಮೇಲ್ಗಡೆ ಮನೆ ಹೆಂಗಾನ ಇರ್ಲಿ ಇಂಜಿನೀರಪ್ಪ, ಕೆಳ್ಗಡೆ ನನ್ ಹುಳಕ್ಕೆ ತಂಪಾಗಿರ್ಬೇಕು. ಬಿಸ್ಲು ಕಾಲ್ದಾಗೆ ಒಳಕ್ಕೋದ್ರೆ ನಾನು ಸೆರಗು ಹೊದ್ಕೋಬೇಕು, ಅಂಗೆ ಮಾಡ್ಕೊಡಿ," ಎಂದರು.

ದೀಪಾವಳಿ ಕಳೆದ ವಾರ ಜೆಸಿಬಿ ಬಂತು. ಕೋಣೆಯ ಅಳತೆ ಮೂವತ್ತಕ್ಕೆ ಇಪ್ಪತ್ತಡಿ, ಆಳ ಒಂಬತ್ತು. ಗೋಡೆಗೆ ಹಲಗೆ ಕಟ್ಟುವವರು ಓಡಾಡಬೇಕಲ್ಲ, ಅದಕ್ಕೆ ಸುತ್ತಲೂ ಮೂರು ಮೂರಡಿ ಹೆಚ್ಚಿಗೆ ತೋಡಿಸಿ, ಅಂಚು ಕುಸಿಯದ ಹಾಗೆ ಇಳಿಜಾರು ಬಿಡಿಸಿದೆ. ಮೇಲಿನ ಎರಡಡಿ ಗೊಬ್ಬರ ಉಂಡ ಕಪ್ಪು ಮಣ್ಣು. ಆಮೇಲೆ ಐದಡಿಯವರೆಗೆ ಕೆಮ್ಮಣ್ಣು. ಅದರ ಕೆಳಗೆ ಕಲ್ಲೇ ಕೊಳೆತು ಪುಡಿಯಾದಂಥ ಗರಸು, ಹಿಡಿ ಕಟ್ಟಿದರೆ ನಿಲ್ಲದು, ನೀರು ಸುರಿದರೆ ಇಳಿದುಹೋಗುತ್ತದೆ. ಗೋಡೆಯ ಹಿಂದೆ ತುಂಬುವುದಕ್ಕೆ ಅದಕ್ಕಿಂತ ಒಳ್ಳೆಯ ಮಣ್ಣು ಬೇಕಿಲ್ಲ. ನನಗೆ ಖುಷಿಯಾಯಿತು. ಅಕ್ಕ ಮಾತ್ರ ಗುಂಡಿಯ ಅಂಚಿನಲ್ಲಿ ನಿಂತು ಮೂತಿ ತಿರುವಿದರು.

"ಥೂ, ಇದ್ರಾಗೆ ಹುಲ್ಲೂ ಹುಟ್ಟಲ್ಲ," ಎಂದರು.

ಕಪ್ಪು ಮಣ್ಣನ್ನು ಅವರೇ ನಿಂತು ತೋಟಕ್ಕೆ ಹೊಡೆಸಿಕೊಂಡರು. ಗರಸನ್ನು ಪಕ್ಕದಲ್ಲಿ ರಾಶಿ ಹಾಕಿಸಲು ಮೇಸ್ತ್ರಿಗೆ ಹೇಳಿ ನಾನು ಗೌರಿಬಿದನೂರಿನ ಇನ್ನೊಂದು ಕೆಲಸಕ್ಕೆ ಹೋದೆ. ನಾಲ್ಕು ದಿನ ಬಿಟ್ಟು ಬಂದರೆ ರಾಶಿಯೇ ಇಲ್ಲ. ಕೆರೆ ಕಡೆಗೆ ಹೋಗುವ ದಾರಿ ಮಳೆಗಾಲದಲ್ಲಿ ಕೆಸರಾಗುತ್ತದೆಂದು ಊರಿನವರು ಕೇಳಿದ್ದಾರೆ, ಅಕ್ಕ ಅಷ್ಟನ್ನೂ ಕೊಟ್ಟುಬಿಟ್ಟಿದ್ದಾರೆ. ದಾರಿಯ ಉದ್ದಕ್ಕೂ ನನ್ನ ಗರಸು ನೀಟಾಗಿ ಹಾಸಿಕೊಂಡು ಬಿದ್ದಿತ್ತು.

ಮೇಸ್ತ್ರಿ ಬಾಗೇಪಲ್ಲಿ ಕಡೆಯವನು, ಅರ್ಧ ತೆಲುಗು. "ನಾನೇನ್ ಚೇಸೇದಿ ಸಾರ್? ಅಕ್ಕನೋರ ಮಣ್ಣು, ಅಕ್ಕನೋರು ಕೊಟ್ರು," ಎಂದ. ಆಮೇಲೆ ತರಿಸಿಕೊಂಡರಾಯಿತು ಎಂದು ನಾನೂ ಸುಮ್ಮನಾದೆ. ಈ ಕೆಲಸದಲ್ಲಿ ನಾನು ಮೊದಲ ಸಲ ಸುಮ್ಮನಾದದ್ದು ಅದು.

ಗೋಡೆ ಎಂಟಿಂಚಿನ ಕಾಂಕ್ರೀಟು. ಕಂಬಿಯನ್ನು ಪ್ರತಿ ಆರಿಂಚಿಗೊಂದರಂತೆ ನಾನೇ ಎಣಿಸಿದ್ದೇನೆ. ಎರಡು ಹಂತದಲ್ಲಿ ಕಾಂಕ್ರೀಟು ಸುರಿಸಿ, ಗೋಣಿತಾಟು ಸುತ್ತಿ ಎರಡು ವಾರ ನೀರು ಹೊಡೆಸಿದೆ, ಹೊರಮೈಗೆ ಎರಡು ಸಲ ಡಾಂಬರು ಬಳಿಸಿದೆ. ಗೋಡೆಯ ಬುಡದಲ್ಲಿ ನೀರು ಹೋಗುವುದಕ್ಕೆ ತೂತಿನ ಪೈಪು ಹಾಕಬೇಕಿತ್ತು. ಹಾಕಲಿಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಬರೀ ಕಲ್ಲಿನ ಪುಡಿ ಬರುವ ಊರಲ್ಲಿ ಒಂಬತ್ತಡಿ ಗುಂಡಿಗೆ ನೀರಿನ ಭಯವೇನು ಎಂದುಕೊಂಡೆ. ತೋಟದ ಮೇಲುಗಡೆ ಇರುವ ಕೆರೆ ಒಣಗಿ ಎಷ್ಟೋ ವರ್ಷವಾಗಿತ್ತು. ಬೆಂಗಳೂರಿನಲ್ಲಿ ಬಳಸಿದ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ಈ ಕಡೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ನಮ್ಮ ಕೆರೆಯ ಸರದಿಯೂ ಬಂತು ಎಂದು ಅಕ್ಕ ಹೇಳಿದ್ದರು. ಕೇಳಿಸಿಕೊಂಡಿದ್ದೆ. ಬಂದಾಗ ನೋಡೋಣ ಎಂದಿದ್ದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನೆಲದೊಳಗಿನ ಗೋಡೆ ಮೇಲೆ ಮೋಲ್ಡ್ ಬಿದ್ದ ಮೇಲೆಯೇ ಪೂರ್ತಿ ಗೋಡೆ. ಮೋಲ್ಡ್ ಎಂದರೆ ಮೇಲ್ಚಾವಣಿಯ ಕಾಂಕ್ರೀಟು. ಅದು ಗೋಡೆಯ ತಲೆಯನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಯವರೆಗೆ ಗೋಡೆ ಬರೀ ಕಾಲ ಮೇಲೆ ನಿಂತಿರುತ್ತದೆ, ಹಿಂದಿನಿಂದ ಮಣ್ಣು ತಳ್ಳಿದರೆ ವಾಲುತ್ತದೆ. ಆದ್ದರಿಂದ ಮೊದಲು ಮೋಲ್ಡ್, ಆಮೇಲೆ ಸುತ್ತ ಮಣ್ಣು, ಅದೂ ಗರಸು, ಆರಾರು ಇಂಚಿಗೆ ನೀರು ಹೊಡೆದು, ಬಡಿದು ಗಟ್ಟಿಯಾಗಿ ದಮ್ಮಸು ಮಾಡಿ. ಸಂಕ್ರಾಂತಿ ಮುಗಿದು ಹತ್ತು ದಿನಕ್ಕೆ ಮೋಲ್ಡ್ ಎಂದು ಗೊತ್ತುಮಾಡಿದ್ದೆವು. ಹಲಗೆ, ಜಾಕಿ ಕೊಡುವವನು ಇನ್ನೊಬ್ಬರ ಕೆಲಸ ಮುಗಿದಿಲ್ಲವೆಂದು ಮುಂದಕ್ಕೆ ಹಾಕಿದ.

ಆ ಕಾಯುವ ದಿನಗಳಲ್ಲೇ ಒಂದು ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿದ.

"ಸಾರ್, ಬೇಗ ಬರ್ರಿ. ಗುಂಡಿ ಸುತ್ತ ಗೋಡು ಹೊಡೀತಾವ್ರೆ. ಟ್ರ್ಯಾಕ್ಟ್ರು ಸಾಲು ನಿಂತೈತೆ."

ಗೋಡು ಎಂದರೆ ಕೆರೆಯಂಗಳದ ಹೂಳು, ಕಪ್ಪಗೆ ನುಣ್ಣಗಿರುವ ಜೇಡಿ. ಹೊಲಕ್ಕೆ ಹೊಡೆಸಿದರೆ ಹಿಪ್ಪುನೇರಳೆ ಎಲೆ ಅಂಗೈ ಅಗಲ ಬರುತ್ತದೆ. ಕೆರೆಗೆ ಮುಂದಿನ ವಾರ ನೀರು ಬಿಡುತ್ತಾರೆಂದು ಖಚಿತವಾದ ಕೂಡಲೇ ಊರಿಗೆ ಊರೇ ಗೋಡು ತೆಗೆಯಲು ಇಳಿದಿತ್ತು. ಅಕ್ಕನಿಂದ ಹುಳು ಒಯ್ಯುವ ರೈತರೆಲ್ಲ ಮುಯ್ಯಿಗೆಂದು ಒಬ್ಬೊಬ್ಬರು ಎರಡು ಲೋಡು ತಂದು ಅವರ ಹೊಸ ಮನೆಗೆ ಸುರಿಯುತ್ತಿದ್ದರು. ನಾಳೆ ಅವರ ಮನೆಯ ಕೆಲಸಕ್ಕೆ ಅಕ್ಕ ಆಳು ಕಳಿಸುತ್ತಾರೆ, ಇಂದು ಅಕ್ಕನ ಕೆಲಸಕ್ಕೆ ಇವರು. ಇಲ್ಲಿಯ ನಡವಳಿಕೆ ಅದು. ತಮ್ಮ ಹೊಲಕ್ಕೆ ಹೋಗಬೇಕಾದ ಮಣ್ಣನ್ನು ತಂದುಕೊಡುವುದು ದೊಡ್ಡ ಮಾತೇ.

ನಾನು ಹೋಗುವ ಹೊತ್ತಿಗೆ ಕೆರೆಯ ಕಡೆಯ ಉದ್ದಗೋಡೆಯ ಹಿಂದೆ ನಾಲ್ಕಡಿ ತುಂಬಿತ್ತು. ಅಕ್ಕ ಒಂದು ಹೆಂಟೆ ಎತ್ತಿ ನನ್ನ ಕೈಗಿಟ್ಟರು.

"ನೋಡಿ ಇಂಜಿನೀರಪ್ಪ, ಬೆಣ್ಣೆ ಇದ್ದಂಗೈತೆ. ಆ ದರಿದ್ರ ಗರಸು ಹೋಯ್ತು ಅಂತ ಬೇಜಾರ್ ಮಾಡ್ಕೊಂಡಿದ್ರಲ್ಲ. ಮನೆ ಸುತ್ತ ಇದ್ನೇ ತುಂಬ್ತೀವಿ. ಗೋಡೆ ಪಕ್ಕಾನೇ ಕಡ್ಡಿ ನೆಡ್ತೀನಿ, ಚಾಕಿಗೆ ಎಳೆ ಸೊಪ್ಪು ಬಾಗ್ಲಲ್ಲೇ ಸಿಗ್ತೈತೆ."

ನನ್ನ ಕೈಯಲ್ಲಿ ಆ ಹೆಂಟೆ ಇತ್ತು. ಅದು ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿ ತಳ್ಳುತ್ತದೆ, ಕುಡಿದ ನೀರನ್ನು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹದಿನೈದು ಜನ ರೈತರು ಬೆವರು ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಒಬ್ಬ ಹಿರಿಯರು ಕುಡಿಯಲು ಮಜ್ಜಿಗೆ ಕೊಟ್ಟರು.

"ಗರಸಾಗಿದ್ರೆ ಇನ್ನೂ ಚೆನ್ನಾಗಿತ್ತು ಅಕ್ಕ," ಎಂದೆ.

"ಗರಸ್ನಾಗೆ ಏನ್ ಬೆಳೀತೈತೆ?" ಎಂದರು ಅಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಷ್ಟೇ ಆದದ್ದು. ನಾಲ್ಕಡಿಗೆ ನಿಲ್ಲಿಸಿ, ಮೋಲ್ಡ್ ಆಗುವವರೆಗೆ ಮೇಲೆ ಹಾಕಬೇಡಿ ಎಂದು ಮೇಸ್ತ್ರಿಯ ಕಿವಿಯಲ್ಲಿ ಹೇಳಿ, ಅಕ್ಕನ ಮನೆಯಲ್ಲಿ ಮುದ್ದೆ, ಹುರುಳಿಕಾಳು ಸಾರು ಉಂಡು ಹೊರಟುಬಂದೆ. ಸಂಜೆಯ ಒಳಗೆ ಮೇಲಿನವರೆಗೆ ತುಂಬಿದ್ದರು. ಬಂದ ಟ್ರ್ಯಾಕ್ಟರನ್ನು ಹಿಂದಕ್ಕೆ ಕಳಿಸುವ ಧೈರ್ಯ ನನಗಿರಲಿಲ್ಲ, ಮೇಸ್ತ್ರಿಗೆ ಎಲ್ಲಿಂದ ಬರಬೇಕು.

ಮುಂದಿನ ವಾರ ಕೆರೆಗೆ ನೀರು ಬಂತು. ಊರಿನವರು ಪೂಜೆ ಮಾಡಿ ಅರಿಶಿನ ಕುಂಕುಮ ಬಿಟ್ಟರು. ಅಕ್ಕ ಗೋಡೆಯ ಪಕ್ಕ ಮೂರು ಸಾಲು ಹಿಪ್ಪುನೇರಳೆ ಕಡ್ಡಿ ನೆಟ್ಟು ಹನಿ ನೀರಾವರಿಯ ಪೈಪು ಎಳೆಸಿದರು. ನಾನದನ್ನು ಕಂಡೆ. ಹನಿ ಹನಿ ನೀರಿಗೆ ಏನಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಡ್ಡಿಗಳು ಚಿಗುರಿದವು, ನಿಜವಾಗಿಯೂ ಚೆನ್ನಾಗಿ ಚಿಗುರಿದವು.

ಶಿವರಾತ್ರಿಯ ಹೊತ್ತಿಗೆ ಹಲಗೆ ಬಂತು. ಮೋಲ್ಡ್‌ಗೆ ಅಳತೆ ಹಿಡಿಯಲು ಇಳಿದ ಮೇಸ್ತ್ರಿ ದಾರದ ತುದಿ ಹಿಡಿದುಕೊಂಡೇ ನಿಂತ. ಉದ್ದಗೋಡೆಯ ನಡುವೆ ಮೇಲಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು. ತೂಗುಗುಂಡು ಬಿಟ್ಟು ನೋಡಿದೆ. ಗೋಡೆಯ ತಲೆ ಒಂದೂವರೆ ಇಂಚು ಒಳಗೆ ಬಂದಿತ್ತು. ಇನ್ನೊಂದು ಸಲ ಬಿಟ್ಟೆ, ಗಾಳಿಗೆ ಗುಂಡು ಅಲ್ಲಾಡಿರಬಹುದೆಂದು. ಒಂದೂವರೆಯೇ.

ಅಂದೇ ಸರ್ವೆ ಮರದ ಕಂಬ ತರಿಸಿ ಒಳಗಿನಿಂದ ಓರೆಯಾಗಿ ಆನಿಸಿದೆ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದೆ; ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತದೆ. ಮೂರನೇ ದಿನ ಒಡೆದಿತ್ತು. ಗೋಡೆಯ ಹಿಂದಿನ ಭಾರ ತೆಗೆಯದೆ ದಾರಿಯಿರಲಿಲ್ಲ. ಜೆಸಿಬಿ ಹತ್ತಿರ ತಂದರೆ ಅದರ ಭಾರಕ್ಕೇ ಗೋಡೆ ಬೀಳಬಹುದು, ಹಾಗಾಗಿ ಕೈಯಲ್ಲೇ ತೋಡಬೇಕಿತ್ತು. ಮೊದಲು ಕಿತ್ತದ್ದು ಅಕ್ಕ ನೆಟ್ಟ ಕಡ್ಡಿಗಳನ್ನು. ಒಂದೊಂದಕ್ಕೂ ಗೇಣುದ್ದ ಬೇರು ಬಂದಿತ್ತು. ಅಕ್ಕ ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದರು.

ಆರು ಜನ ನಾಲ್ಕು ದಿನ ತೋಡಿ ಮೂರಡಿ ಇಳಿದರು. ಮಣ್ಣು ಗುದ್ದಲಿಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ. ಪ್ರತಿ ಏಟಿಗೂ ಕೋಲಿನಿಂದ ಕೆರೆಯಬೇಕು. ಐದನೇ ದಿನ ಕಾಲವಲ್ಲದ ಕಾಲದ ಮಳೆ ಸುರಿಯಿತು. ಬೆಳಿಗ್ಗೆ ಹೋದರೆ ತೋಡಿದ ಕಾಲುವೆ ನೀರು ತುಂಬಿ ನಿಂತಿದೆ, ಹೊರ ಅಂಚು ಕುಸಿದು ತೋಡಿದ್ದೆಲ್ಲ ಮತ್ತೆ ಗೋಡೆಗೆ ಒರಗಿದೆ. ಎರಡು ಕಂಬ ಸಿಡಿದು ಬಿದ್ದಿದ್ದವು. ಕೂದಲೆಳೆಯಂತಿದ್ದ ಬಿರುಕಿಗೆ ಈಗ ಬೆರಳು ಹೋಗುತ್ತಿತ್ತು.

ಪಂಪು ಇಟ್ಟು ನೀರೆತ್ತಿಸಿದೆ. ಹೊರಗಿನದು ಬತ್ತಿತು, ಒಳಗಿನದು ಬತ್ತಲಿಲ್ಲ. ಕೋಣೆಯ ನೆಲದಲ್ಲಿ ಹಾಕಿದ್ದ ತೆಳು ಕಾಂಕ್ರೀಟಿನ ಸಂದಿಗಳಿಂದ ನೀರು ಸಣ್ಣಗೆ ಏಳುತ್ತಿತ್ತು. ಎತ್ತಿಸಿದಷ್ಟೂ ಬರುತ್ತಿತ್ತು. ಹಳ್ಳಿಯವರು ನೋಡಲು ಬಂದರು. ಎಷ್ಟೋ ವರ್ಷ ನೀರಿಲ್ಲದೆ ಒದ್ದಾಡಿದ ಜನ, ಒಂಬತ್ತಡಿಯಲ್ಲೇ ನೀರು ಕಂಡು ಅವರಿಗೆ ಸಂತೋಷ.

"ಅಕ್ಕ, ನಿಮ್ ಪುಣ್ಯ ಬಿಡಿ, ಮನ್ಯಾಗೇ ಬಾವಿ," ಎಂದ ಒಬ್ಬ. ಅಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿಕೊಂಡು ಹೋದ.

ನಾನು ಮೊದಲು ಯಾರ ಕೈಕೆಳಗೆ ಕೆಲಸ ಕಲಿತೆನೋ ಆ ಹಿರಿಯ ಇಂಜಿನಿಯರು ಚಿಕ್ಕಬಳ್ಳಾಪುರದಲ್ಲಿದ್ದರು. ನಿವೃತ್ತರಾಗಿದ್ದವರನ್ನು ಕಾಡಿ ಕರೆತಂದೆ. ಅವರು ಗೋಡೆ ತಟ್ಟಿದರು, ಗೋಡಿನ ಒಂದು ಉಂಡೆ ಕಟ್ಟಿ ಜೇಬಿನಿಂದ ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು, ಆಮೇಲೆ ಕೆರೆ ಏರಿ ಹತ್ತಿ ನೀರು ನೋಡಿ ಇಳಿದು ಬಂದರು.

"ಗೋಡೆ ಒಂದೇ ಆಗಿದ್ರೆ ಒಳಗಡೆ ಇನ್ನೊಂದು ಗೋಡೆ ಎಬ್ಬಿಸಬಹುದಿತ್ತು," ಎಂದರು. "ಕೆಳಗಿಂದ ಬರೋ ನೀರಿಗೆ ಏನ್ ಮಾಡ್ತೀಯ? ಕೆರೆ ಇರೋತನಕ ಇದು ಇರುತ್ತೆ. ಎಳೆ ಹುಳ ಸಾಕೋ ಕೋಣೆ ಅಂತೀಯ, ನೀರು ನಿಂತ ನೆಲದಲ್ಲಿ ಬೂಷ್ಟು ಹಿಡಿಯಲ್ವಾ? ಮನೆ ಭಾರ ಹೊರೋ ಕಾಂಕ್ರೀಟ್ ಕಂಬಗಳು ಗಟ್ಟಿ ಇವೆ. ಕೋಣೆ ಮುಚ್ಚಿಬಿಡು, ಮೇಲೆ ಮನೆ ಕಟ್ಟೋಕೆ ತೊಂದರೆಯಿಲ್ಲ."

"ಮುಚ್ಚೋದು ಅಂದ್ರೆ?"

"ಮಣ್ಣು ತುಂಬಪ್ಪ. ಒಳಗೂ ಹೊರಗೂ."

ಅವರನ್ನು ಬಸ್ಸಿಗೆ ಹತ್ತಿಸಿದ ಮೇಲೆ ನಾನು ಎರಡು ದಿನ ಅಕ್ಕನ ಕಡೆ ಹೋಗಲಿಲ್ಲ. ಹೇಡಿತನ, ಬೇರೆ ಹೆಸರು ಬೇಡ. ಬೇರೆ ಉಪಾಯ ಇದೆಯೇ ಎಂದು ಕಾಗದದ ಮೇಲೆ ಗೀಚಿದೆ. ಕೆಳಗೆ ಜಲ್ಲಿ ಹಾಸಿ, ಒಂದು ಮೂಲೆಯಲ್ಲಿ ಗುಂಡಿ ಮಾಡಿ, ಸದಾ ಪಂಪು ಓಡಿಸುವುದು. ಕರೆಂಟು ಹೋದ ದಿನ ಹುಳು ಮುಳುಗುತ್ತದೆ. ಕಾಗದ ಹರಿದು ಹಾಕಿದೆ. ಉಳಿದದ್ದು ಒಂದೇ ತೀರ್ಮಾನ, ಅದನ್ನು ನಾನೇ ತೆಗೆದುಕೊಂಡು ನಾನೇ ಹೇಳಬೇಕಿತ್ತು.

ಮೂರನೇ ದಿನ ಹೋದಾಗ ಅಕ್ಕ ಶೆಡ್ಡಿನಲ್ಲಿ ಸೊಪ್ಪು ಹೆಚ್ಚುತ್ತಿದ್ದರು. ಹೊಸ ಕೋಣೆಗೆಂದು ತರಿಸಿದ್ದ, ಹುಳುವಿನ ತಟ್ಟೆ ಇಡುವ ಸ್ಟ್ಯಾಂಡುಗಳು ಪ್ಲಾಸ್ಟಿಕ್ ಹೊದಿಕೆ ಸಮೇತ ಗೋಡೆಗೆ ಒರಗಿದ್ದವು. ನಾನು ಸುತ್ತಿ ಬಳಸದೆ ಹೇಳಿದೆ. ಕತ್ತಿ ನಿಲ್ಲಿಸದೆ ಕೇಳಿಸಿಕೊಂಡರು.

"ಅಂದ್ರೆ ಮನೆ ನನಗೆ, ಹುಳಕ್ಕಿಲ್ಲ."

"ಇಲ್ಲ ಅಕ್ಕ."

"ಈ ಬೇಸಿಗೆಗೂ ಇಲ್ಲ, ಮುಂದ್ಕೂ ಇಲ್ಲ."

"ಇಲ್ಲ."

"ಸರಿ ಬಿಡಿ," ಎಂದು ಹೆಚ್ಚಿದ ಸೊಪ್ಪನ್ನು ಮೊರಕ್ಕೆ ತುಂಬಿಕೊಂಡು ಎದ್ದರು.

ಯುಗಾದಿ ಕಳೆದು ಮಂಡಿಕಲ್ ಕಡೆಯಿಂದ ಗರಸು ತರಿಸಿದೆ. ಊರ ದಾರಿಗೆ ಹಾಸಿದ್ದು ತುಳಿದು ತುಳಿದು ದಾರಿಯೇ ಆಗಿಹೋಗಿತ್ತು, ಅದನ್ನು ಕೇಳುವ ಹಾಗಿರಲಿಲ್ಲ. ಕೋಣೆಯ ಬುಡದಲ್ಲಿ ಮೊದಲು ದಪ್ಪ ಜಲ್ಲಿ, ಅದರೊಳಗೆ ತೂತಿನ ಪೈಪು, ಪೈಪಿನ ಬಾಯಿ ತಗ್ಗಿನ ಕಾಲುವೆಗೆ. ಅದರ ಮೇಲೆ ಗರಸು. ಒಂದು ಕಡೆಯ ಒತ್ತಡ ಹೆಚ್ಚಾಗಬಾರದೆಂದು ಗೋಡಿನ ಮಣ್ಣನ್ನು ಹೊರಗೆ ಎರಡಡಿ ತೆಗೆದರೆ ಒಳಗೆ ಎರಡಡಿ ತುಂಬುವುದು, ಹೀಗೆ ಸರದಿಯ ಮೇಲೆ; ಕೊನೆಗೆ ಹೊರಗೂ ಗರಸೇ. ಆರಿಂಚು ಹರಡಿ, ನೀರು ಹೊಡೆದು, ಯಂತ್ರದಿಂದ ದಮ್ಮಸು ಮಾಡಿ, ಕಬ್ಬಿಣದ ಸಲಾಕೆ ಚುಚ್ಚಿ ನೋಡಿ, ಆಮೇಲೆ ಇನ್ನೊಂದು ಆರಿಂಚು. ಒಂದು ದಿನವೂ ನಾನು ಬೇರೆ ಕೆಲಸಕ್ಕೆ ಹೋಗಲಿಲ್ಲ. ನನ್ನ ಕೈಕೆಳಗೆ ಅಷ್ಟು ಸರಿಯಾಗಿ ಮಣ್ಣು ತುಂಬಿದ್ದು ಹಿಂದೆಂದೂ ಇಲ್ಲ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಅದೇ ದಿನಗಳಲ್ಲಿ ಶೆಡ್ಡಿನಲ್ಲಿ ಹುಳು ಸಾಯುತ್ತಿದ್ದವು. ಬಿಸಿಲು ಆ ವರ್ಷ ಬೇಗ ಏರಿತು. ಅಕ್ಕ, ಕೆಲಸದ ಇಬ್ಬರು ಹೆಂಗಸರು ಬಿಂದಿಗೆಯಲ್ಲಿ ನೀರು ಹೊತ್ತು ಶೀಟಿನ ಮೇಲೆ ಚಿಮುಕಿಸುವುದು ನಾವು ದಮ್ಮಸು ಹೊಡೆಯುವಲ್ಲಿಂದ ಕಾಣುತ್ತಿತ್ತು. ಮಜ್ಜಿಗೆ ಕೊಟ್ಟಿದ್ದ ಹಿರಿಯರು ಒಂದು ಮಧ್ಯಾಹ್ನ ಬಂದು, ಈ ಸಲ ಬೇರೆ ಕಡೆ ಹುಳು ಹೇಳಿದ್ದೇನೆ ಕಣಮ್ಮ ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದರು. ಆಮೇಲೆ ಉಳಿದವರು ಹೇಳುವುದಕ್ಕೂ ಬರಲಿಲ್ಲ. ಅಕ್ಕ ಮುಂದಿನ ಮೊಟ್ಟೆ ತರಿಸುವುದನ್ನು ನಿಲ್ಲಿಸಿದರು.

ಕೊನೆಯ ದಿನ, ಇನ್ನು ಒಂದು ಪದರ ಉಳಿದಿರುವಾಗ, ಅಕ್ಕ ಬಂದರು. ಕೋಣೆಗೆ ಇಳಿಯಲೆಂದು ಕಟ್ಟಿದ್ದ ಮೆಟ್ಟಿಲುಗಳಲ್ಲಿ ಒಂದೇ ಮೆಟ್ಟಿಲು ಮಣ್ಣಿನ ಮೇಲೆ ಉಳಿದಿತ್ತು. ಅದರ ಮೇಲೆ ಕೂತು ಒಂದು ಹಿಡಿ ಗರಸು ತೆಗೆದುಕೊಂಡು ಬೆರಳ ಸಂದಿಯಿಂದ ಸುರಿದರು. ಯಂತ್ರ ನಿಲ್ಲಿಸಲು ಕೈ ಮಾಡಿದೆ.

"ಇದ್ನೇ ಆವತ್ತು ಹೊರಗಡೆ, ಮೋಲ್ಡ್ ಆದ್ಮೇಲೆ ಹಾಕಿದ್ರೆ, ಗೋಡೆ ನಿಲ್ತಿತ್ತಾ?"

"ನಿಲ್ತಿತ್ತು ಅಕ್ಕ. ಬುಡಕ್ಕೆ ಪೈಪೂ ಹಾಕಿದ್ರೆ ನೀರೂ ಹೋಗ್ತಿತ್ತೇನೋ. ಪೈಪು ಹಾಕ್ದೆ ಇದ್ದಿದ್ದು ನಂದೇ ತಪ್ಪು."

"ಗೋಡು ಹಾಕಿದ್ರೆ ಹಿಂಗಾಗ್ತೈತೆ ಅಂತ ಗೊತ್ತಿತ್ತಾ ನಿಮಗೆ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು," ಎಂದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎಲ್ಲಾರೂ ಮುಯ್ಯಿಗೆ ಬಂದಿದ್ರು. ಅಷ್ಟು ಜನರ ಮುಂದೆ ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ..."

ಅಕ್ಕ ಕೈ ಕೊಡವಿಕೊಂಡರು. ಧ್ವನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು.

"ನಾನು ಹುಳ ಸಾಕೋಳು ಕಣಪ್ಪ. ಒಂದು ತಟ್ಟೇಲಿ ಗಂಟುರೋಗ ಕಂಡ್ರೆ ಇಡೀ ಶೆಡ್ಡಿನ ಹುಳ ಗುಂಡಿಗೆ ಹಾಕಿ ನನ್ ಕೈಯಾರೆ ಬೆಂಕಿ ಇಟ್ಟಿದೀನಿ, ಇದೇ ಜನ ನೋಡ್ತಿದ್ದಂಗೆ. ಮೂವತ್ತು ಲೋಡ್ ಮಣ್ಣು ವಾಪಸ್ ಕಳ್ಸೋದು ನಂಗೆ ದೊಡ್ಡದಾಗ್ತಿತ್ತಾ? ನೀವು ಬೇಡ ಅನ್ಬೇಕಿತ್ತು, ಅಷ್ಟೇ."

ಎದ್ದು ಹೋದರು. ಆಳುಗಳು ನನ್ನ ಮುಖ ನೋಡುತ್ತಾ ನಿಂತಿದ್ದರು. ಆರಿಂಚು ಬಾಕಿ ಇತ್ತು. ಗರಸು ಹರಡಿ ನೀರು ಹೊಡೆಯಲು ಹೇಳಿದೆ.